ಆ ಕಪ್ಪು ಹೊಳಪು ಕಲ್ಲಿನದೇ
ಅಮೆರಿಕದ ಕೊಲರಾಡೊದಲ್ಲಿರುವ ಲವ್‌ಲ್ಯಾಂಡ್‌ನ ಚಪುಂಗು ಶಿಲ್ಪ ಪಾರ್ಕಿನಲ್ಲಿರುವ ಜಿಂಬಾಬ್ವೆ ಕಲ್ಲಿನ ಶಿಲ್ಪಗಳಿಗೆ ಕಪ್ಪು ಬಣ್ಣ ಹೊಡೆದಿದ್ದಾರಾ, ಮಳೆಗೆ ಹೋಗಲ್ವಾ ಅಂತ ಕೇಳಿದ್ದೀರಿ. ಬಣ್ಣ ಅಲ್ಲವೇ ಅಲ್ಲ. ಅಷ್ಟು ಕಪ್ಪಾಗಿ ಕಾಣುವುದು ಸಾಮಾನ್ಯವಾಗಿ ಸ್ಪ್ರಿಂಗ್‌ಸ್ಟೋನ್, ಅಂದರೆ ಸರ್ಪೆಂಟೈನ್ ಅನ್ನೋ ಜಾತಿಯ ಒಂದು ಗಟ್ಟಿ ಕಲ್ಲು. ಕೆತ್ತಿದ ಮೇಲೆ ನೀರು ಹಾಕಿ ಸ್ಯಾಂಡ್‌ಪೇಪರಿನಲ್ಲಿ ಉಜ್ಜುತ್ತಾರೆ. ಮೊದಲು ಒರಟು, ಆಮೇಲೆ ನಯ. ನಂತರ ಬೆಂಕಿಯಲ್ಲಿ ಕಾಯಿಸಿ ಬಿಸಿ ಕಲ್ಲಿಗೆ ಮೇಣ ಸವರುತ್ತಾರೆ. ಬೂದು ಕಲ್ಲು ಆಗ ನೀರು ಬಿದ್ದ ಕಡಪ ಕಲ್ಲಿನ ಹಾಗೆ ಕಪ್ಪಾಗುತ್ತದೆ. ಮಳೆ ಬಿಸಿಲಿಗೆ ಮೇಣ ಮಂಕಾದರೆ ಮತ್ತೆ ಹಚ್ಚಬೇಕು, ಅಷ್ಟೇ.

ಮುಂದಿನ ಸಲ ಹೋದಾಗ ಉಜ್ಜದೆ ಬಿಟ್ಟ ಕಂದು ಭಾಗ ನೋಡಿ. ಎಷ್ಟೋ ಶಿಲ್ಪಗಳಲ್ಲಿ ತಲೆಗೂದಲೋ ಬಟ್ಟೆಯೋ ಅಲ್ಲಿರುತ್ತದೆ. ಅದು ಕಲ್ಲಿನ ಹೊರಸಿಪ್ಪೆ, ಬೇಕಂತಲೇ ಉಳಿಸಿರುತ್ತಾರೆ. ನನಗಂತೂ ಹೊಳಪಿಗಿಂತ ಅದೇ ಜಾಸ್ತಿ ಇಷ್ಟ.