300 ಎಂಬಿಪಿಎಸ್ ಪ್ಲಾನ್ ಇದ್ದರೂ ಸ್ಪೀಡ್ 94 ದಾಟುತ್ತಿಲ್ಲ, ಯಾಕೆ?

ನಿಮ್ಮದು 300 ಎಂಬಿಪಿಎಸ್ ಫೈಬರ್ ಪ್ಲಾನ್. ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ನೋಡಿದರೆ ಸ್ಪೀಡ್ ಟೆಸ್ಟ್ 94ಕ್ಕೆ ನಿಲ್ಲುತ್ತದೆ, ಫೈಲ್ ಇಳಿಸುವಾಗ ಬರೀ 11 ಅಂತ ತೋರಿಸುತ್ತದೆ, ಒಳಕೋಣೆಯ ವೈಫೈನಲ್ಲಿ ಮೊಬೈಲ್‌ಗೆ 40 ಸಿಗುತ್ತದೆ. ಇನ್ನೂ ದೊಡ್ಡ ಪ್ಲಾನ್‌ಗೆ ಹೋಗಲಾ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಹೋಗಬೇಡಿ. ದೋಷ ಮನೆಯೊಳಗೇ ಇದೆ ಎಂದು ಆ 94 ಹೇಳುತ್ತಿದೆ.

ಮೊದಲು 11ರ ವಿಷಯ. ಪ್ಲಾನ್‌ನ ಲೆಕ್ಕ ಬಿಟ್‌ಗಳಲ್ಲಿ (ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್), ಫೈಲ್‌ನ ಲೆಕ್ಕ ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. 94ನ್ನು 8ರಿಂದ ಭಾಗಿಸಿದರೆ 11.75. ಅಲ್ಲಿಗೆ ನೀವು ಕಂಡ ಎರಡೂ ಅಂಕಿ ಒಂದೇ ವೇಗ. 300 ಪೂರ್ತಿ ಬಂದಾಗ ಸೆಕೆಂಡಿಗೆ 35 ಮೆಗಾಬೈಟ್‌ನ ಆಸುಪಾಸು ಕಾಣಬೇಕು.

ಇನ್ನು 94. ಈಥರ್ನೆಟ್ ಲಿಂಕ್, ಅಂದರೆ ಕೇಬಲ್ ಮೂಲಕದ ಸಂಪರ್ಕ, 100 ಎಂಬಿಪಿಎಸ್‌ನಲ್ಲಿ ಓಡುತ್ತಿದ್ದರೆ ಟೆಸ್ಟ್‌ನಲ್ಲಿ ಸಿಗುವುದು ಸರಿಸುಮಾರು ಇಷ್ಟೇ. ತಂತಿಯ ಮೇಲೆ ಹೋಗುವ ಪ್ರತಿ 1538 ಬೈಟ್‌ನಲ್ಲಿ ನಿಮ್ಮ ಡೇಟಾ 1460 ಬೈಟ್ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ, ಉಳಿದದ್ದು ವಿಳಾಸ ಮುಂತಾದ ಹೊರಕವಚ. 80, 140, 210 ಎಂದು ಏರಿಳಿದಿದ್ದರೆ ಹೊರಗಿನ ಲೈನನ್ನು ಅನುಮಾನಿಸಬಹುದಿತ್ತು. ಪ್ರತಿ ಸಲವೂ 94ಕ್ಕೇ ತಡೆಗೋಡೆ ಹಾಕಿದಂತೆ ನಿಂತರೆ ಅದು ಕೇಬಲ್ ಅಥವಾ ಪೋರ್ಟ್‌ನ ಸಮಸ್ಯೆ.

ಲ್ಯಾನ್ ಕೇಬಲ್ ಒಳಗೆ ಎಂಟು ಎಳೆಗಳು, ಅಂದರೆ ನಾಲ್ಕು ಜೋಡಿ. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿ ಬೇಕು. 100ಕ್ಕೆ 1, 2, 3, 6ನೇ ಪಿನ್‌ಗಳ ಎರಡೇ ಜೋಡಿ ಸಾಕು. ಉಳಿದ ನಾಲ್ಕರಲ್ಲಿ ಒಂದೇ ಒಂದು ಎಳೆ ತುಂಡಾದರೂ ಸಾಮಾನ್ಯವಾಗಿ ನೆಟ್ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಆದ್ದರಿಂದಲೇ ಯಾರೂ ಕೇಬಲನ್ನು ಅನುಮಾನಿಸುವುದಿಲ್ಲ.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಈಥರ್ನೆಟ್ ತೆರೆದು ಲಿಂಕ್ ಸ್ಪೀಡ್ ನೋಡಿ. 1000/1000 ಇರಬೇಕು, ನಿಮ್ಮಲ್ಲಿ ಬಹುತೇಕ 100/100 ಇರುತ್ತದೆ. ಆಮೇಲೆ ಕೇಬಲ್‌ನ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿಯಿರಿ: ಎಂಟೂ ಎಳೆಗಳ ತುದಿ ಪ್ಲಗ್ಗಿನ ಮುಂಗೋಡೆಗೆ ತಾಗಿರಬೇಕು. ಒಂದು ಎಳೆ ಮಾತ್ರ ಹಿಂದೆಯೇ ಉಳಿದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಹೊಸದು ತರುವಾಗ ಹೊದಿಕೆಯ ಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದಿದ್ದರೆ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ಎಳೆಯುತ್ತದೆ. ಅದಕ್ಕಿಂತ ದುಬಾರಿಯದಕ್ಕೆ ದುಡ್ಡು ಸುರಿಯಬೇಡಿ. ಫೈಬರ್ ಬಂದು ಸೇರುವ ಬಾಕ್ಸ್ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಅವೆರಡರ ನಡುವಿನ ಗೇಣುದ್ದದ ಕೇಬಲನ್ನೂ ಬದಲಿಸಿ ನೋಡಿ, ಎಲ್ಲರೂ ಮರೆಯುವುದು ಅದನ್ನೇ. ಆಗಲೂ 100 ಎಂದೇ ತೋರಿಸಿದರೆ ರೂಟರ್‌ನ ಪೋರ್ಟ್ ಅಥವಾ ಲ್ಯಾಪ್‌ಟಾಪ್‌ನ ಯುಎಸ್‌ಬಿ ಅಡಾಪ್ಟರ್ 100ರದ್ದೇ ಆಗಿರಬಹುದು. ಅಗ್ಗದ ರೂಟರ್‌ಗಳಲ್ಲಿ ಇದು ಸಾಮಾನ್ಯ.

ವೈಫೈನ 40 ಬೇರೆಯದೇ ಕಥೆ. 2.4 ಗಿಗಾಹರ್ಟ್ಸ್‌ನಲ್ಲಿ, 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ, ವೈಫೈ 4 ಎಂಬ ಹಳೆಯ ತಲೆಮಾರಿನ ಒಂದು ಆಂಟೆನಾಗೆ ಸಿಗುವ ಲಿಂಕ್ ವೇಗವೇ 72. ಕೈಗೆ ಬರುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. ರೂಟರ್‌ನ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗೂ (ತರಂಗಪಟ್ಟಿ) ಒಂದೇ ಹೆಸರಿದ್ದರೆ ಫೋನ್ ಹಲವು ಸಲ 2.4ಕ್ಕೇ ಅಂಟಿಕೊಳ್ಳುತ್ತದೆ. ರೂಟರ್ ಸೆಟ್ಟಿಂಗ್‌ನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟು ಅದಕ್ಕೆ ಸೇರಿಸಿ. ಅದು ಗೋಡೆ ದಾಟುವುದು ಕಷ್ಟ, ಹಾಗಾಗಿ ರೂಟರನ್ನು ಬೀರುವಿನ ಹಿಂದಿನಿಂದ ತೆಗೆದು ಬಯಲಾದ ಎತ್ತರದ ಜಾಗದಲ್ಲಿಡಿ. 2.4ನ್ನೇ ಬಳಸಬೇಕಾದಲ್ಲಿ ಚಾನೆಲ್ 1, 6 ಅಥವಾ 11 ಹಾಕಿ, ಉಳಿದವು ಅಕ್ಕಪಕ್ಕದವುಗಳ ಮೇಲೆ ಹೊರಳುತ್ತವೆ.

ಲಿಂಕ್ 1000 ಆದಮೇಲೂ 300 ಬರದಿದ್ದರೆ ಮಾತ್ರ ಹೊರಗಿನ ಲೈನ್ ನೋಡಬೇಕು. ಒಂದು ಎಳೆಯನ್ನು ಹಲವು ಮನೆಗಳಿಗೆ ಕವಲೊಡೆಸುವ ಜಿಪಾನ್ ಫೈಬರ್‌ನಲ್ಲಿ ಸುಮಾರು 2.5 ಗಿಗಾಬಿಟ್ ಡೌನ್‌ಲೋಡನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಸಂಜೆ ಮಾತ್ರ ಕುಸಿದರೆ ದಟ್ಟಣೆ. ಹೊತ್ತುಗೊತ್ತಿಲ್ಲದೆ ಕಡಿಯುತ್ತಿದ್ದರೆ ಫೈಬರ್ ಬಾಕ್ಸ್‌ನ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಒಳಬರುವ ಬೆಳಕಿನ ಬಲ, ನೋಡಿ: -27 ಡಿಬಿಎಂ (ಆ ಬಲದ ಅಳತೆ) ಹತ್ತಿರವಿದ್ದರೆ ಬೆಳಕು ತೀರಾ ಕ್ಷೀಣಿಸಿದೆ. ಎಲ್ಲೋ ಫೈಬರ್ ಚೂಪಾಗಿ ಬಾಗಿರುತ್ತದೆ, ಇಲ್ಲವೇ ಕನೆಕ್ಟರ್‌ನಲ್ಲಿ ಧೂಳು ಕೂತಿರುತ್ತದೆ. ಬಿಚ್ಚಿದ ಫೈಬರ್ ತುದಿಯನ್ನು ಮಾತ್ರ ಕಣ್ಣಿಗೆ ಹಿಡಿದು ನೋಡಬೇಡಿ, ಆ ಬೆಳಕು ಕಾಣಿಸುವಂಥದ್ದಲ್ಲ.

ಬೇರೆ ಬಗೆಯ ಸಂಪರ್ಕಕ್ಕೆ ಹೋಗುವ ಯೋಚನೆಯಿದ್ದರೆ ಕೈಬಿಡಿ. ಟೆಲಿಫೋನಿನ ತಾಮ್ರದ ತಂತಿಯಲ್ಲಿ ಬರುವ ಎಡಿಎಸ್‌ಎಲ್2+ ಸಂಪರ್ಕ ಟೆಲಿಫೋನ್ ಎಕ್ಸ್‌ಚೇಂಜ್ ಪಕ್ಕದಲ್ಲಿದ್ದರೂ 24ಕ್ಕೆ ಮುಗಿಯುತ್ತದೆ, ದೂರ ಹೋದಂತೆ ಇಳಿಯುತ್ತದೆ. ಟಿವಿ ಕೇಬಲ್ ಮೂಲಕ ಡೌನ್‌ಲೋಡ್ ಚೆನ್ನಾಗಿದ್ದರೂ ಅಪ್‌ಲೋಡ್ ಸಾಮಾನ್ಯವಾಗಿ ಬಡಕಲು. 35,786 ಕಿಲೋಮೀಟರ್ ಎತ್ತರದ ಉಪಗ್ರಹದಲ್ಲಿ ಸಂದೇಶ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ, ಎಷ್ಟೇ ಎಂಬಿಪಿಎಸ್ ಇರಲಿ ಅದು ತಗ್ಗದು.

ಇಂಟರ್ನೆಟ್ ಕಂಪನಿಯವರಿಗೆ ದೂರು ಕೊಡಲೇಬೇಕಾಗಿ ಬಂದರೆ ವೈಫೈ ಟೆಸ್ಟ್‌ನ ಚಿತ್ರ ಕಳಿಸಬೇಡಿ, ಅದನ್ನು ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮನೆಯ ಉಳಿದ ಸಾಧನಗಳನ್ನೆಲ್ಲ ತೆಗೆದು, ಕೇಬಲ್‌ನಲ್ಲಿ ಬೆಳಗಿನ ಜಾವ ಮೂರು ಸಲ, ರಾತ್ರಿ ಒಂಬತ್ತರ ಸುಮಾರಿಗೆ ಮೂರು ಸಲ ಟೆಸ್ಟ್ ಮಾಡಿ. ಆ ಆರು ಫಲಿತಾಂಶ, 1000/1000 ಲಿಂಕ್‌ನ ಚಿತ್ರ, ಆಪ್ಟಿಕಲ್ ಪವರ್‌ನ ಅಂಕಿ, ಇವಿಷ್ಟನ್ನು ಒಟ್ಟಿಗೆ ಕಳಿಸಿ.