ಮಕ್ಕಳಿಗೆ ಹಕ್ಕಿ ತೋರಿಸಲು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಾವಿರುವುದು ಶಿವಮೊಗ್ಗದಲ್ಲಿ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕಾಡು, ಹಕ್ಕಿ ತೋರಿಸಬೇಕು. ಹತ್ತಿರದ ಜಾಗ ಯಾವುದು? ಇಂಬಳ (ಜಿಗಣೆ) ಹತ್ತಿದರೆ ಏನು ಮಾಡುವುದು?

ಉತ್ತರ: ಮಂಡಗದ್ದೆಗೆ ಹೋಗಿ. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಅಷ್ಟೇ. ಆದರೆ ಬೇಸಿಗೆಗೆ ಕಾಯಬೇಡಿ, ಆಗ ಗೂಡುಗಳು ಖಾಲಿ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲಾ ಒಟ್ಟಿಗೆ ಗೂಡು ಕಟ್ಟುತ್ತವೆ, ದಡದಲ್ಲೇ ನಿಂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಹಾವಕ್ಕಿಯನ್ನು ಮಾತ್ರ ಮರೆಯದೆ ತೋರಿಸಿ. ಮೈ ನೀರೊಳಗೆ, ಕತ್ತು ಮಾತ್ರ ಮೇಲೆ, ಥೇಟ್ ಹಾವು! ಅದರ ಗರಿ ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಮುಳುಗುವುದು ಸುಲಭ, ಆಮೇಲೆ ಕೊಂಬೆ ಮೇಲೆ ಕೂತು ರೆಕ್ಕೆ ಹರಡಿ ಒಣಗಿಸಿಕೊಳ್ಳಬೇಕು. ನನಗಂತೂ ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ.

ಒಂದಿಡೀ ದಿನ ಇದ್ದರೆ ಸೊರಬ ತಾಲ್ಲೂಕಿನ ಗುಡವಿ ಕೆರೆಗೂ ಹೋಗಿ ಬನ್ನಿ, ಅದೂ ಪಕ್ಷಿಧಾಮವೇ.

ಇಂಬಳಕ್ಕೆ ಹೆದರಬೇಡಿ. ಉದ್ದದ ಸಾಕ್ಸ್ ಹಾಕಿ. ಹತ್ತಿದರೆ ಕಿತ್ತೆಳೆಯಬೇಡಿ, ಅದರ ಬಾಯಿಯ ಹತ್ತಿರ ಉಗುರಿನಿಂದ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಜಾಸ್ತಿ ಹೊತ್ತು ಬರುತ್ತದೆ, ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅಷ್ಟೇ. ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.