ತಂದೆಗೆ ಕರುಳಿನ ಕ್ಯಾನ್ಸರ್ ಬಂದಿದೆ, ನಮ್ಮ ಬಳಿ (ಕುಲ) ತಾಯಿಯದ್ದು. ನನಗೆ ಬರುವುದಿಲ್ಲ ಅಲ್ವಾ?

ನಿಮ್ಮ ಪ್ರಶ್ನೆ ಓದಿದೆ. ತಂದೆಯವರಿಗೆ 47ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್, ಆಪರೇಷನ್ ಆಗಿ ಎರಡು ತಿಂಗಳು, ನಿಮಗೆ 29. "ನಮ್ಮದು ಅಳಿಯಸಂತಾನ, ಮನೆತನ ತಾಯಿಯ ಕಡೆಯಿಂದ, ತಂದೆಯ ಕಡೆಯದ್ದು ನಿನಗೆ ಬರುವುದಿಲ್ಲ" ಎಂದು ದೊಡ್ಡಮ್ಮ ಧೈರ್ಯ ಹೇಳಿದ್ದಾರೆ. ಅದು ಹೌದಾ, ಜೀನ್ ಟೆಸ್ಟ್ ಮಾಡಿಸಬೇಕಾ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ, ಉಡುಪಿ ಹತ್ತಿರದ ಒಂದು ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಆದರೆ ಇದೇ ವಿಷಯಕ್ಕಾಗಿ ಏಳು ವರ್ಷದಿಂದ ಆಸ್ಪತ್ರೆಗೆ ಅಲೆಯುತ್ತಿದ್ದೇನೆ.

ದೊಡ್ಡಮ್ಮ ಪ್ರೀತಿಯಿಂದಲೇ ಹೇಳಿದ್ದು, ಆದರೆ ಮಾತು ಸರಿಯಲ್ಲ. ಬಳಿ ಬರುವುದು ತಾಯಿಯಿಂದ. ಜೀನ್ ಅರ್ಧ ತಾಯಿಯದ್ದು, ಅರ್ಧ ತಂದೆಯದ್ದು. ನಾವೂ ಇಲ್ಲೇ ಎಡವಿದೆವು.

ನನ್ನ ಅಣ್ಣನಿಗೆ 41ರಲ್ಲಿ ಮೆಟ್ಟಿಲು ಹತ್ತಿದರೆ ಉಬ್ಬಸ. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಮೂಲವ್ಯಾಧಿ ಎಂದರು, ಐರನ್ ಮಾತ್ರೆ ಕೊಟ್ಟರು, ಏಳು ತಿಂಗಳು ಹಾಗೇ ಕಳೆಯಿತು. ಗಂಡಸಿಗೆ ಕಾರಣವಿಲ್ಲದೆ ರಕ್ತ ಕಡಿಮೆಯಾದರೆ ಕರುಳನ್ನು ನೋಡಬೇಕು ಎಂದು ಆಗ ನಮಗೆ ಯಾರೂ ಹೇಳಲಿಲ್ಲ. ಕೊನೆಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನೊಳಗೆ ನೋಡುವುದು) ಮಾಡಿದಾಗ ಬಲಬದಿಯಲ್ಲಿ ಗಡ್ಡೆ. "ಕುಟುಂಬದಲ್ಲಿ ಯಾರಿಗಾದರೂ ಇತ್ತಾ?" ಎಂದು ಸರ್ಜನ್ ಕೇಳಿದರು. ಇಲ್ಲ ಎಂದೆವು. ಸುಳ್ಳು ಹೇಳಬೇಕೆಂದಲ್ಲ, ನಮಗೆ ಕುಟುಂಬ ಎಂದರೆ ಅಮ್ಮನ ಕಡೆ. ತರವಾಡು ಮನೆಯಲ್ಲಿ, ಅಂದರೆ ಮೂಲಮನೆಯಲ್ಲಿ, ದೈವದ ನೇಮಕ್ಕೆ ಸೇರಿದಾಗ ಅಮ್ಮನ ಅಜ್ಜಿಯ ಅಕ್ಕತಂಗಿಯರು ಎಷ್ಟು ಮಂದಿ, ಯಾರ ಸಂತಾನ ಎಲ್ಲಿ ಉಂಟು, ಎಲ್ಲ ಬಾಯಿಪಾಠ. ಅಪ್ಪನ ಸ್ವಂತ ಅಕ್ಕ ಯಾವ ಕಾಯಿಲೆಯಲ್ಲಿ ತೀರಿಕೊಂಡರು ಎಂಬುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ.

ಆ ರಾತ್ರಿ ಕಾರ್ಕಳದಲ್ಲಿರುವ ಅತ್ತೆಯ ಮಗಳಿಗೆ ಫೋನ್ ಮಾಡಿದೆ. "ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಅಲ್ವಾ, 48ಕ್ಕೆ ಹೋದದ್ದು. ಅಜ್ಜನಿಗೂ ಹೊಟ್ಟೆಯೊಳಗೆ ಗಡ್ಡೆ ಇತ್ತಂತೆ, ಐವತ್ತು ದಾಟಿರಲಿಲ್ಲ" ಎಂದಳು. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಎಲ್ಲ ಬರೆದುಕೊಂಡೆ. ಮಧ್ಯದಲ್ಲಿ ಅಪ್ಪ: 52ಕ್ಕೆ ಹೃದಯಾಘಾತ, ಕ್ಯಾನ್ಸರ್ ಇಲ್ಲ. ಮರುದಿನ ಆ ಹಾಳೆ ನೋಡಿದ ಡಾಕ್ಟರು ಹೇಳಿದ ಹೆಸರು ಲಿಂಚ್ ಸಿಂಡ್ರೋಮ್: ಕರುಳು, ಗರ್ಭಕೋಶದಂಥ ಕ್ಯಾನ್ಸರ್‌ಗಳ ಸಾಧ್ಯತೆ ಜೀನ್ ಮೂಲಕ ಮನೆತನದಲ್ಲಿ ದಾಟಿ ಬರುವುದು.

ಇದರ ಒಳಗುಟ್ಟು ನನಗೆ ಅರ್ಥವಾದದ್ದು ನನ್ನ ಕೆಲಸದಿಂದಲೇ. ಡೇಬುಕ್ಕಿನಿಂದ ಲೆಡ್ಜರಿಗೆ ಏರಿಸುವಾಗ ಅಂಕಿ ತಪ್ಪುತ್ತದೆ, ಅದಕ್ಕೇ ಇನ್ನೊಬ್ಬರು ತಾಳೆ ನೋಡುತ್ತಾರೆ. ಜೀವಕೋಶ ಎರಡಾಗುವಾಗಲೂ ಡಿಎನ್‌ಎ ನಕಲಾಗಬೇಕು, ಅಲ್ಲಿಯೂ ತಪ್ಪು ಬೀಳುತ್ತದೆ. ಆ ತಪ್ಪು ಹಿಡಿದು ತಿದ್ದುವ ಪ್ರೋಟೀನ್‌ಗಳನ್ನು ಮಾಡುವ ನಾಲ್ಕು ಮುಖ್ಯ ಜೀನ್‌ಗಳು ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2. ಪ್ರತಿಯೊಂದೂ ನಮ್ಮಲ್ಲಿ ಎರಡೆರಡು ಪ್ರತಿ. ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಕೆಲಸ ಸಾಗಿಸುತ್ತದೆ. ಕರುಳಿನ ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯದೂ ಕೈಕೊಟ್ಟರೆ ಅಲ್ಲಿಂದ ಮುಂದೆ ತಾಳೆ ನೋಡುವವರೇ ಇಲ್ಲ, ತಪ್ಪಿನ ಮೇಲೆ ತಪ್ಪು ಸೇರುತ್ತದೆ. ಬೇರೆಯವರಲ್ಲಿ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಏಳುವ ಸಣ್ಣ ಗಂಟು) ಕ್ಯಾನ್ಸರ್ ಆಗಲು ಸುಮಾರು ಹತ್ತು ವರ್ಷ ಹಿಡಿದರೆ ಇವರಲ್ಲಿ ಎರಡು ಮೂರು ವರ್ಷವೇ ಸಾಕಾಗಬಹುದು.

ಹಾಗಾಗಿ ಬರುವುದು ಕಾಯಿಲೆಯಲ್ಲ, ಅದರ ಸಾಧ್ಯತೆ. ಅಪ್ಪನಲ್ಲಿ ಆ ಜೀನ್ ಇದ್ದೂ ಕ್ಯಾನ್ಸರ್ ಬಾರದೇ ಇದ್ದದ್ದಕ್ಕೆ ಇದೇ ಕಾರಣ. ಪ್ರತಿ ಮಗುವಿಗೂ ದಾಟುವ ಸಂಭವ ಅರ್ಧಕ್ಕರ್ಧ, ಗಂಡು ಹೆಣ್ಣು ಎಂಬ ಭೇದವಿಲ್ಲ. ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ಕೆಟ್ಟಿದ್ದರೆ ಜೀವಮಾನದಲ್ಲಿ ಕರುಳಿನ ಕ್ಯಾನ್ಸರ್ ಬರುವುದು 100ರಲ್ಲಿ ಸುಮಾರು 40ರಿಂದ 50 ಮಂದಿಗೆ. ಪಿಎಂಎಸ್2 ಆದರೆ ಹತ್ತರ ಆಸುಪಾಸು. ಯಾವ ಜೀನ್ ಎಂಬುದು ಅಷ್ಟು ಮುಖ್ಯ. ಹೆಂಗಸರಿಗೆ ಗರ್ಭಕೋಶದ ಅಪಾಯವೂ ಸೇರಿಕೊಳ್ಳುತ್ತದೆ.

1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರು ವೈದ್ಯ ಆಲ್ಡ್ರೆಡ್ ವಾರ್ಥಿನ್ ಅವರಿಗೆ, ನಮ್ಮ ಮನೆಯವರೆಲ್ಲ ಹೀಗೇ ಹೋಗುತ್ತಾರೆ, ನಾನೂ ಕರುಳಿನದ್ದೋ ಗರ್ಭಕೋಶದ್ದೋ ಕ್ಯಾನ್ಸರಿಗೇ ಹೋಗುವವಳು ಎಂದಿದ್ದರಂತೆ. ಹಾಗೇ ಆಯಿತು. ವಾರ್ಥಿನ್ 1913ರಲ್ಲಿ ಆ ಮನೆತನದ ವಿವರ ಪ್ರಕಟಿಸಿದರು. ಆ ಹೆಂಗಸಿನ ಮಾತಿಗೆ ನೂರು ವರ್ಷ ದಾಟಿದ ಮೇಲೆ ಅದೇ ಮನೆತನದಲ್ಲಿ ಕೆಟ್ಟ ಎಂಎಸ್‌ಎಚ್2 ಸಿಕ್ಕಿತು. ನಮ್ಮ ಮನೆಯದ್ದೂ ಅದೇ ಜೀನ್. ನಮ್ಮಲ್ಲಿ ಇಂಥ ಸರಣಿ ಸಾವು ಕಂಡರೆ ದೋಷ ಎಂದು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಇಡಿಸುವವರನ್ನು ನಾನು ಬೇಡ ಎನ್ನುವುದಿಲ್ಲ, ಜೊತೆಗೆ ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ಬರೆದಿಡಿ ಎನ್ನುತ್ತೇನೆ.

ಈಗ ನಿಮ್ಮ ಟೆಸ್ಟಿನ ವಿಷಯ. ಮೊದಲು ಪರೀಕ್ಷೆ ಆಗಬೇಕಾದ್ದು ನಿಮ್ಮದಲ್ಲ, ತಂದೆಯವರ ಗಡ್ಡೆಯದ್ದು. ಆಪರೇಷನ್ನಿನಲ್ಲಿ ತೆಗೆದದ್ದರ ತುಂಡುಗಳನ್ನು ಮೇಣದಲ್ಲಿ ಹುದುಗಿಸಿ ಪ್ಯಾಥಾಲಜಿಯಲ್ಲಿ ಇಟ್ಟಿರುತ್ತಾರೆ, ಬ್ಲಾಕ್ ಅಂತಾರೆ. ಅಣ್ಣನದ್ದನ್ನು ಬೇರೆ ಲ್ಯಾಬಿಗೆ ಒಯ್ದವಳು ನಾನೇ. ಬೆಂಕಿಪೆಟ್ಟಿಗೆಗಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಬಿಳಿ ಮೇಣದ ಮಧ್ಯೆ ಉಗುರಿನಗಲದ ಕಂದು ತುಂಡು, ಅಂಚಿಗೆ ಒಂದು ನಂಬರು. ಬಸ್ಸಿನಲ್ಲಿ ಅದನ್ನು ಕರ್ಚೀಫಿನಲ್ಲಿ ಸುತ್ತಿ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ. ಆ ನಾಲ್ಕು ಪ್ರೋಟೀನ್ ಇದ್ದರೆ ಬಣ್ಣ ಹಾಕಿದಾಗ ಜೀವಕೋಶದ ನಡುಭಾಗ ಕಂದಾಗುತ್ತದೆ. ಪ್ಯಾಥಾಲಜಿಯ ಮೇಡಂ ನನ್ನನ್ನೂ ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ತೋರಿಸಿದರು: ಸುತ್ತಲಿನ ಒಳ್ಳೆಯ ಜೀವಕೋಶಗಳಲ್ಲಿ ಕಂದು ಚುಕ್ಕೆಗಳು, ಗಡ್ಡೆಯೊಳಗೆ ಬರೀ ತಿಳಿನೀಲಿ. ಎಂಎಸ್‌ಎಚ್2 ಇರಲಿಲ್ಲ, ಅದನ್ನೇ ಆತುಕೊಂಡಿರುವ ಎಂಎಸ್‌ಎಚ್6 ಕೂಡ ಇರಲಿಲ್ಲ.

ಆಮೇಲೆ ಅಣ್ಣನ ರಕ್ತ. ಜೀನ್‌ನಲ್ಲಿ ಕೆಟ್ಟ ಅಕ್ಷರ ಎಲ್ಲಿದೆ ಎಂದು ಅವನಲ್ಲಿ ಗೊತ್ತಾದ ಮೇಲೆ ಉಳಿದವರಲ್ಲಿ ಆ ಒಂದು ಜಾಗ ನೋಡಿದರೆ ಸಾಕು. ನನಗೆ ಇದೆ, ತಂಗಿಗೆ ಇಲ್ಲ. ಅವಳಿಗೆ ಸಿಕ್ಕಿದ "ಇಲ್ಲ" ನಂಬುವಂಥದ್ದು, ಏಕೆಂದರೆ ಏನನ್ನು ಹುಡುಕಬೇಕೆಂದು ಮೊದಲೇ ಗೊತ್ತಿತ್ತು. ನೀವು ತಂದೆಯವರನ್ನು ಬಿಟ್ಟು ನೇರ ನಿಮ್ಮ ರಕ್ತ ಕೊಟ್ಟು "ಏನೂ ಸಿಗಲಿಲ್ಲ" ಎಂದು ಬಂದರೆ ಅದಕ್ಕೆ ಆ ಬಲವಿಲ್ಲ. ಅಣ್ಣನ ರಿಪೋರ್ಟಿನಲ್ಲಿ ಬೇರೊಂದು ಜೀನ್ ಬಗ್ಗೆ "ಅರ್ಥ ಸ್ಪಷ್ಟವಿಲ್ಲದ ಬದಲಾವಣೆ" ಅಂತಲೂ ಇತ್ತು, ಮನೆಯಲ್ಲಿ ಎಲ್ಲರೂ ಹೆದರಿದರು. ಅಂಥ ಸಾಲಿನ ಮೇಲೆ ಯಾವ ನಿರ್ಧಾರವನ್ನೂ ಮಾಡಬಾರದು. ರಿಪೋರ್ಟನ್ನು ಕೌನ್ಸೆಲಿಂಗ್ ಮಾಡುವವರ ಎದುರು ಕೂತೇ ಓದಿ; ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್‌ಗೆ ಬೇರೆಯೇ ವಿಭಾಗ ಉಂಟು.

ನನಗೆ ಈಗ ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ. ಅದಕ್ಕೆ ಮೊದಲು ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆ (ಬಿಳಿ ಅಕ್ಕಿ) ಗಂಜಿ, ಹಿಂದಿನ ದಿನ ಗಂಜಿಯ ತಿಳಿ ಮತ್ತು ಬೊಂಡದ ನೀರು (ಎಳನೀರು), ಆಮೇಲೆ ಕರುಳು ಖಾಲಿ ಮಾಡುವ ಆ ಔಷಧಿ ನೀರು. ಕಷ್ಟವೇ. ಎರಡನೇ ಸಲ ಒಂದು ಪಾಲಿಪ್ ಸಿಕ್ಕಿತು, ಅಲ್ಲೇ ತೆಗೆದರು. ಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಅನಿಸುತ್ತದೆ. ಆಸ್ಪಿರಿನ್ ಬಗ್ಗೆಯೂ ಕೇಳುತ್ತೀರಿ: ಲಿಂಚ್ ಇರುವ 861 ಮಂದಿಯ ಪ್ರಯೋಗದಲ್ಲಿ ದಿನಕ್ಕೆ 600 ಮಿಲಿಗ್ರಾಂ ಎರಡು ವರ್ಷ ತೆಗೆದುಕೊಂಡವರಲ್ಲಿ ಮುಂದಿನ ವರ್ಷಗಳಲ್ಲಿ 100ಕ್ಕೆ 9 ಮಂದಿಗೆ ಕರುಳಿನ ಕ್ಯಾನ್ಸರ್ ಬಂತು, ತೆಗೆದುಕೊಳ್ಳದವರಲ್ಲಿ 13. ಡಾಕ್ಟರನ್ನು ಕೇಳದೆ ನುಂಗಬೇಡಿ, ರಕ್ತಸ್ರಾವದ ಭಯ ಉಂಟು.

ತಂದೆಯವರ ಗಡ್ಡೆಯಲ್ಲಿ ನಾಲ್ಕೂ ಪ್ರೋಟೀನ್ ಸರಿಯಾಗಿದ್ದರೆ ಲಿಂಚ್ ಬಹುಮಟ್ಟಿಗೆ ದೂರ. ಹಾಗಾಗುವುದೇ ಹೆಚ್ಚು, ಕರುಳಿನ ಕ್ಯಾನ್ಸರ್‌ನಲ್ಲಿ ಲಿಂಚ್‌ನ ಪಾಲು 100ಕ್ಕೆ ಸುಮಾರು 3. ಕರುಳಿನಲ್ಲಿ ನೂರಾರು ಪಾಲಿಪ್ ಇದ್ದವು ಎಂದಿದ್ದರೆ ಎಪಿಸಿ ಎಂಬ ಜೀನ್ ನೋಡಬೇಕು. ಹತ್ತಾರು ಪಾಲಿಪ್, ತಂದೆಯ ಕಡೆಯ ಅಜ್ಜ ಅಜ್ಜಿ ಸೋದರಿಕೆಯಲ್ಲಿ ಮದುವೆಯಾದವರು ಎಂದಿದ್ದರೆ ಎಂಯುಟಿವೈಎಚ್ ಎಂಬ ಜೀನ್. ಅದರ ಕೆಟ್ಟ ಪ್ರತಿ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ತೊಂದರೆ. ಇದ್ಯಾವುದೂ ಅಲ್ಲದಿದ್ದರೆ ಉಳಿಯುವುದು ಡಿಎನ್‌ಎಯಲ್ಲಿನ ಸಣ್ಣಪುಟ್ಟ ವ್ಯತ್ಯಾಸಗಳು. 2007ರಿಂದ ಈಚೆಗೆ ಅಂಥವು 200ಕ್ಕೂ ಹೆಚ್ಚು ಕಡೆ ಸಿಕ್ಕಿವೆ, ಒಂದೊಂದರಿಂದ ಅಪಾಯ ಏರುವುದು ತೀರಾ ಸ್ವಲ್ಪ. ಆಗಲೂ ನಿಮ್ಮ ಅಪಾಯ ಬೇರೆಯವರ ಸುಮಾರು ಎರಡರಷ್ಟು. ಮನೆಯಲ್ಲಿ ಕಾಯಿಲೆ ಬಂದ ವಯಸ್ಸಿಗೆ ಹತ್ತು ವರ್ಷ ಮೊದಲು ಅಥವಾ 40ಕ್ಕೆ, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಎಂಬುದು ರೂಢಿ. ನಿಮಗೆ ಅದು 37. ಲಿಂಚ್ ಎಂದಾದರೆ ಕಾಯುವಂತಿಲ್ಲ, ಎಂಎಸ್‌ಎಚ್2 ಇರುವವರಿಗೆ 25ರಿಂದಲೇ ಶುರು ಮಾಡುತ್ತಾರೆ.

ತಂದೆಯವರ ಬಯಾಪ್ಸಿ ರಿಪೋರ್ಟ್ ತೆಗೆದು ಎಂಎಂಆರ್ (ಆ ನಾಲ್ಕು ಪ್ರೋಟೀನ್‌ಗಳ ಪರೀಕ್ಷೆ) ಅಥವಾ ಎಂಎಸ್‌ಐ (ತಿದ್ದದೆ ಉಳಿದ ನಕಲು ತಪ್ಪುಗಳ ಪರೀಕ್ಷೆ) ಎಂಬ ಸಾಲು ಉಂಟಾ ನೋಡಿ. ಇಲ್ಲದಿದ್ದರೆ ಮುಂದಿನ ಸಲ ಹೋದಾಗ ಬ್ಲಾಕಿನ ಮೇಲೆ ಆ ಪರೀಕ್ಷೆ ಮಾಡಿಸಲು ಕೇಳಿ. ಅಷ್ಟರೊಳಗೆ ತಂದೆಯವರ ಹತ್ತಿರ ಕೂತು ಅವರ ಅಕ್ಕತಂಗಿ, ಅಣ್ಣತಮ್ಮ, ತಾಯಿ, ತಂದೆ, ಆ ಇಬ್ಬರ ಒಡಹುಟ್ಟಿದವರು, ಎಲ್ಲರದ್ದೂ ಕೇಳಿ ಬರೆದುಕೊಳ್ಳಿ. ರಿಪೋರ್ಟಿನಲ್ಲಿ ಏನಿತ್ತು ಎಂದು ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.